ತೆಗೆದ ಜಾಗದಲ್ಲಿ ಏನಿಡಬೇಕು?

"ತಲೆ ಮೇಲೆ ಕೈ ಹೊತ್ತು ಕೂರಬೇಡ್ವೇ" ಎಂದು ಅಮ್ಮ ಎಷ್ಟು ಗದರಿದರೂ ಅಕ್ಕ ಕೈ ಇಳಿಸುತ್ತಿರಲಿಲ್ಲ. ಇಪ್ಪತ್ತೈದು ವರ್ಷದಿಂದ ಮಿಷನ್ನಿನ ಮೇಲೆ ಬಗ್ಗಿ ಬ್ಲೌಸ್ ಹೊಲಿದವಳು. ಒಂದು ಬೆಳಿಗ್ಗೆ ಕತ್ತು ಹಿಡಿದುಕೊಂಡಿತು. ವಾರದೊಳಗೆ ನೋವು ಭುಜಕ್ಕೆ ಇಳಿಯಿತು, ಅಲ್ಲಿಂದ ತೋಳಿನ ಗುಂಟ ಹೆಬ್ಬೆರಳ ತುದಿಯವರೆಗೆ ಕರೆಂಟ್ ಹೊಡೆದ ಹಾಗೆ ಹರಿಯತೊಡಗಿತು. ಅಂಗೈಯನ್ನು ನೆತ್ತಿಯ ಮೇಲಿಟ್ಟುಕೊಂಡು ಕೂತರೆ ಮಾತ್ರ ಕೊಂಚ ಸಮಾಧಾನ. ಮನೆಗೆ ಆಗಿಬರದು ಎಂದು ಅಮ್ಮ ಬೈಯುತ್ತಿದ್ದ ಆ ಭಂಗಿಯನ್ನೇ ನೋಡಿ ಡಾಕ್ಟರು, "ಕತ್ತಿನಲ್ಲಿ ನರ ಒತ್ತಿಕೊಂಡಿದೆ" ಎಂದರು. ಕೈ ಮೇಲೆತ್ತಿದಾಗ ನರದ ಬೇರಿನ ಮೇಲಿನ ಎಳೆತ ಸಡಿಲವಾಗುತ್ತದೆ. ಅದಕ್ಕೇ ಆ ಸಮಾಧಾನ.

ಎಂಆರ್‌ಐ ಮಾಡಿಸಿದೆವು. ಕತ್ತಿನ ಐದನೆಯ ಮತ್ತು ಆರನೆಯ ಮೂಳೆಗಳ ನಡುವಿನ ಡಿಸ್ಕ್ ಹಿಂದಕ್ಕೆ ಚಾಚಿಕೊಂಡಿತ್ತು. ಒಬ್ಬ ಸರ್ಜನ್, "ಡಿಸ್ಕ್ ತೆಗೆದು ಎರಡೂ ಮೂಳೆ ಬೆಸೆದುಬಿಡೋಣ, ಎಪ್ಪತ್ತು ವರ್ಷದಿಂದ ನಡೆದುಬಂದ ದಾರಿ" ಎಂದರು. ಇನ್ನೊಬ್ಬರು, "ಬೆಸುಗೆ ಯಾಕೆ? ಕೃತಕ ಡಿಸ್ಕ್ ಇಡೋಣ, ಕತ್ತು ಮೊದಲಿನ ಹಾಗೆ ತಿರುಗುತ್ತೆ" ಎಂದರು. ಎರಡು ಫೈಲು ಹಿಡಿದು ಮನೆಗೆ ಬಂದ ಆ ಸಂಜೆಯಿಂದ ನಾನು ಈ ಪ್ರಶ್ನೆಯ ಬೆನ್ನು ಹತ್ತಿದೆ. ಓದುತ್ತ, ಕೇಳುತ್ತ ಹೋದಂತೆ ಮನಸ್ಸಿಗೆ ಖಚಿತವಾದ ಮಾತೊಂದಿದೆ. ಬೆಸುಗೆಯೋ ಬದಲಿಯೋ ಎಂಬುದು ಮೂರನೆಯ ಪ್ರಶ್ನೆ. ನೋವಿಗೆ ಈ ಡಿಸ್ಕೇ ಕಾರಣವೇ ಎಂಬುದು ಮೊದಲನೆಯದು. ಕಾರಣವೇ ಆಗಿದ್ದರೂ ಈಗಲೇ ಆಪರೇಷನ್ ಬೇಕೇ ಎಂಬುದು ಎರಡನೆಯದು. ಈ ಎರಡನ್ನು ದಾಟದೆ ಮೂರನೆಯದಕ್ಕೆ ಹಾರಿದವರು ಒಳ್ಳೆಯ ಆಪರೇಷನ್ ಮಾಡಿಸಿಕೊಂಡೂ ನೋವಿನಲ್ಲೇ ಉಳಿಯುವ ಸಂಭವವಿದೆ.

ಮೂರು ಬಗೆಯ ದೂರು

ಕತ್ತಿನಲ್ಲಿ ಏಳು ಮೂಳೆಗಳಿವೆ. ಮೇಲಿನ ಎರಡರ ನಡುವೆ ಡಿಸ್ಕ್ ಇಲ್ಲ; ಅಲ್ಲಿಂದ ಕೆಳಗೆ ಪ್ರತಿ ಎರಡು ಮೂಳೆಗಳ ನಡುವೆ ಒಂದೊಂದು ಡಿಸ್ಕ್. ಒಳಗೆ ನೀರಿನಂಶ ತುಂಬಿದ ಲೋಳೆಯಂಥ ತಿರುಳು, ಸುತ್ತ ಪದರ ಪದರವಾಗಿ ಸುತ್ತಿದ ಗಟ್ಟಿ ನಾರಿನ ಉಂಗುರ. ವಯಸ್ಸಾದಂತೆ ತಿರುಳಿನ ನೀರು ಆರುತ್ತದೆ, ಡಿಸ್ಕ್ ಕುಗ್ಗುತ್ತದೆ, ಅಂಚಿನಲ್ಲಿ ಮೂಳೆ ಮುಳ್ಳುಮುಳ್ಳಾಗಿ ಬೆಳೆಯುತ್ತದೆ. ನಾವು ಸಾರಾಸಗಟಾಗಿ 'ಸ್ಪಾಂಡಿಲೈಟಿಸ್' ಎನ್ನುವುದು ಬಹುಪಾಲು ಇದನ್ನೇ. ಐದು-ಆರರ ನಡುವೆ ಮತ್ತು ಆರು-ಏಳರ ನಡುವೆ ಸವೆತ ಹೆಚ್ಚು.

ಸವೆದ ಕತ್ತು ಮೂರು ಬಗೆಯಲ್ಲಿ ದೂರು ಹೇಳುತ್ತದೆ. ಕತ್ತು ಮತ್ತು ಹೆಗಲಿನ ನಡುವೆ ಮಾತ್ರ ಹಿಡಿತ, ನೋವು ಇರುವುದು ಮೊದಲನೆಯದು. ಎರಡನೆಯದರಲ್ಲಿ ನರದ ಬೇರು ಒತ್ತಿಕೊಂಡು ತೋಳಿಗೆ ನೋವು, ಬೆರಳಿಗೆ ಜೋಮು, ಕೈಗೆ ನಿತ್ರಾಣ ಬರುತ್ತದೆ. ಐದು-ಆರರ ನಡುವಿನ ನರವಾದರೆ ಜೋಮು ಹೆಬ್ಬೆರಳಿಗೆ, ಆರು-ಏಳರದಾದರೆ ನಡುಬೆರಳಿಗೆ. ಮೂರನೆಯದು ಬೆನ್ನುಹುರಿಯೇ ಒತ್ತಿಕೊಳ್ಳುವುದು. ಇದರಲ್ಲಿ ನೋವು ಇಲ್ಲದೆಯೂ ಇರಬಹುದು. ಅದೇ ಇದರ ಅಪಾಯ.

ನಮ್ಮ ದೊಡ್ಡಪ್ಪನಿಗೆ ಆದದ್ದು ಮೂರನೆಯದು. ನಡೆಯುತ್ತಿರುವಾಗ ಕಾಲಿನಿಂದ ಚಪ್ಪಲಿ ಜಾರಿ ಹಿಂದೆ ಉಳಿಯುತ್ತಿತ್ತು, ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕಾಗುತ್ತಿತ್ತು. ತುತ್ತು ಕಲಸುವಾಗ ಬೆರಳು ಮಾತು ಕೇಳುತ್ತಿರಲಿಲ್ಲ. "ವಯಸ್ಸಾಯ್ತಲ್ಲ" ಎಂದು ಎಂಟು ತಿಂಗಳು ಕಳೆದೆವು. ಕೊನೆಗೆ ಒಬ್ಬ ವೈದ್ಯರು ಹತ್ತು ಸೆಕೆಂಡಿನಲ್ಲಿ ಎಷ್ಟು ಸಲ ಮುಷ್ಟಿ ಕಟ್ಟಿ ಬಿಚ್ಚುತ್ತಾರೆಂದು ಎಣಿಸಿದರು. ಆರೋಗ್ಯವಂತರು ಸುಮಾರು ಇಪ್ಪತ್ತು ಸಲ ಮಾಡುತ್ತಾರೆ, ದೊಡ್ಡಪ್ಪ ಒಂಬತ್ತಕ್ಕೆ ನಿಂತರು. ಇಂಥ ಕತ್ತಿಗೆ ಕಾಯುವ ಸಮಯವಿಲ್ಲ. ಬೆನ್ನುಹುರಿಗೆ ಆದ ಪೆಟ್ಟು ಪೂರ್ತಿ ಮರಳಿ ಬರುವ ಭರವಸೆಯೂ ಇಲ್ಲ. ಆಪರೇಷನ್ನಿನ ಮೊದಲ ಗುರಿ ಇನ್ನಷ್ಟು ಹದಗೆಡದಂತೆ ತಡೆಯುವುದು.

ಮೊದಲ ಬಗೆಯ ಬಗ್ಗೆ ನೇರವಾಗಿ ಹೇಳಬೇಕು. ತೋಳಿಗೆ ಇಳಿಯದ, ಬರೀ ಕತ್ತಿನ ನೋವಿಗೆ ಬೆಸುಗೆಯಾಗಲಿ ಬದಲಿಯಾಗಲಿ ನಂಬಿಕೆಯ ಮದ್ದಲ್ಲ. ಕೃತಕ ಡಿಸ್ಕಿಗೆ ಪರವಾನಗಿ ತಂದುಕೊಟ್ಟ ದೊಡ್ಡ ಪ್ರಯೋಗಗಳು ನಡೆದದ್ದು ನರ ಅಥವಾ ಬೆನ್ನುಹುರಿ ಒತ್ತಿಕೊಂಡವರ ಮೇಲೆ. ಅಲ್ಲಿ ಸಿಕ್ಕ ಫಲವನ್ನು ಬರೀ ಕತ್ತು ನೋವಿನವರಿಗೆ ಹಾಗೇ ಅನ್ವಯಿಸಲಾಗದು.

ಸ್ಕ್ಯಾನಿನ ಮಾತು, ದೇಹದ ಮಾತು

ಎಂಆರ್‌ಐ ವರದಿ ಓದಿದವರಿಗೆ ಎದೆ ಝಲ್ಲೆನ್ನುತ್ತದೆ. ಉಬ್ಬು, ಸವೆತ, ಒತ್ತಡ ಎಂದು ಸಾಲು ಸಾಲು. ಆದರೆ ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಮಂದಿಯ ಕತ್ತನ್ನು ಸ್ಕ್ಯಾನ್ ಮಾಡಿದಾಗ 87.6 ಶೇಕಡಾ ಜನರಲ್ಲಿ ಡಿಸ್ಕ್ ಉಬ್ಬಿರುವುದು ಕಂಡಿತು. 2015ರಲ್ಲಿ ಪ್ರಕಟವಾದ ಈ ಅಧ್ಯಯನ ಒಂದು ಸರಳ ಸತ್ಯ ಹೇಳುತ್ತದೆ: ತಲೆಗೂದಲು ನರೆಯುವಂತೆ ಡಿಸ್ಕೂ ನರೆಯುತ್ತದೆ. ಆದ್ದರಿಂದ ಸ್ಕ್ಯಾನಿನಲ್ಲಿ ಕಂಡ ಜಾಗಕ್ಕೂ ಕೈಯಲ್ಲಿ ಜೋಮು ಹಿಡಿದ ಬೆರಳಿಗೂ ತಾಳೆಯಾಗಬೇಕು. ಐದು-ಆರರ ಡಿಸ್ಕ್ ಚಾಚಿದ್ದು ಜೋಮು ಮಾತ್ರ ಕಿರುಬೆರಳಿನಲ್ಲಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಮೊಣಕೈಯಲ್ಲೋ ಮಣಿಕಟ್ಟಿನಲ್ಲೋ ಒತ್ತಿಕೊಂಡ ನರವೂ ಕತ್ತಿನ ವೇಷ ಹಾಕಿ ಬರುವುದುಂಟು. ಭುಜದ ಕೀಲಿನ ತೊಂದರೆಯೂ ಹಾಗೆಯೇ.

ತಾಳೆಯಾಯಿತು ಎನ್ನೋಣ. ಆಮೇಲೂ ಕಾಲ ಎಂಬ ವೈದ್ಯನಿದ್ದಾನೆ. ಅಮೆರಿಕದ ಮಿನ್ನೆಸೋಟಾದ ರಾಚೆಸ್ಟರ್‌ನಲ್ಲಿ 1976ರಿಂದ 1990ರವರೆಗೆ ಕತ್ತಿನ ನರ ಒತ್ತಿಕೊಂಡ 561 ಮಂದಿಯನ್ನು ಗಮನಿಸಿದರು. ಸುಮಾರು ಕಾಲು ಭಾಗದಷ್ಟು ಜನ ಮಾತ್ರ ಆಪರೇಷನ್ ಮಾಡಿಸಿಕೊಂಡರು. ಕೊನೆಯ ಬಾರಿ ವಿಚಾರಿಸಿದಾಗ 90 ಶೇಕಡಾ ಜನಕ್ಕೆ ತೊಂದರೆ ಇರಲೇ ಇಲ್ಲ, ಇಲ್ಲವೇ ಅಲ್ಪಸ್ವಲ್ಪ ಉಳಿದಿತ್ತು. ನೆದರ್‌ಲ್ಯಾಂಡ್ಸ್‌ನಲ್ಲಿ 205 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೆಲವು ವಾರ ಕತ್ತಿಗೆ ಬೆಲ್ಟ್ ಹಾಕಿಸಿದವರಿಗೂ ಫಿಸಿಯೋಥೆರಪಿ ಕೊಟ್ಟವರಿಗೂ ಸುಮ್ಮನೆ ಕಾದವರಿಗಿಂತ ಬೇಗ ನೋವು ಇಳಿಯಿತು; ಆರು ತಿಂಗಳಿಗೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದರು. ಹೊರಚಾಚಿದ ತಿರುಳು ತಾನಾಗಿ ಕರಗಿ ಕುಗ್ಗುವುದುಂಟು, ನರದ ಸುತ್ತಲಿನ ಊತವೂ ಇಳಿಯುತ್ತದೆ.

ಅಕ್ಕ ಆಪರೇಷನ್ ಮಾಡಿಸಲಿಲ್ಲ. ಮೂರು ವಾರ ಬೆಲ್ಟ್, ಆಮೇಲೆ ವ್ಯಾಯಾಮ, ಮಿಷನ್ನಿನ ಮೇಜನ್ನು ನಾಲ್ಕು ಇಂಚು ಎತ್ತರಿಸಿದ್ದು. ಮೂರು ತಿಂಗಳಿಗೆ ಕರೆಂಟಿನಂಥ ನೋವು ನಿಂತಿತು. ಹೆಬ್ಬೆರಳಿನ ಜೋಮು ಈಗಲೂ ಕೊಂಚ ಇದೆ, ಹಬ್ಬದ ಆರ್ಡರು ಹೆಚ್ಚಾದ ದಿನ ಕಾಣಿಸಿಕೊಳ್ಳುತ್ತದೆ. ಆದರೆ ಕಾದಿದ್ದು ಕಣ್ಣು ಮುಚ್ಚಿಕೊಂಡಲ್ಲ. ಕೈಯ ಬಲ ದಿನದಿನಕ್ಕೆ ಕುಗ್ಗಿದರೆ, ನಡಿಗೆ ತಡವರಿಸಿದರೆ, ಮೂತ್ರದ ಹಿಡಿತ ತಪ್ಪಿದರೆ ಕಾಯಬಾರದೆಂದು ವೈದ್ಯರು ಬರೆದುಕೊಟ್ಟಿದ್ದರು. ಆ ಚೀಟಿ ಫ್ರಿಜ್ಜಿನ ಬಾಗಿಲ ಮೇಲಿತ್ತು. ಆರು ವಾರದಿಂದ ಮೂರು ತಿಂಗಳು ಹೀಗೆ ಕಾದರೂ ಬದುಕು ನಡೆಸಲಾಗದಷ್ಟು ನೋವಿದ್ದರೆ, ಆಗ ಮೂರನೆಯ ಪ್ರಶ್ನೆಗೆ ಬರಬೇಕು.

ಒಂದೇ ದಾರಿ, ಕೊನೆಯಲ್ಲಿ ಕವಲು

ಎರಡೂ ಆಪರೇಷನ್‌ಗಳು ಮುಕ್ಕಾಲು ಪಾಲು ಒಂದೇ. ಕತ್ತಿನ ಮುಂಭಾಗದಲ್ಲಿ, ಚರ್ಮದ ಮಡಿಕೆಯ ಗುಂಟ ಅಡ್ಡಲಾಗಿ ಸಣ್ಣ ಗಾಯ. ಒಂದು ಬದಿಗೆ ಶ್ವಾಸನಾಳ, ಅನ್ನನಾಳ. ಇನ್ನೊಂದು ಬದಿಗೆ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ. ಇವುಗಳ ನಡುವೆ ನಿಸರ್ಗವೇ ಬಿಟ್ಟಿರುವ ಸಂದಿನಲ್ಲಿ ಸರ್ಜನ್ ಬೆರಳಿಂದ ದಾರಿ ಬಿಡಿಸಿಕೊಂಡು ಬೆನ್ನೆಲುಬಿನ ಮುಂಭಾಗ ಮುಟ್ಟುತ್ತಾರೆ. ಸೂಜಿಯೊಂದನ್ನು ಡಿಸ್ಕಿಗೆ ಚುಚ್ಚಿ ಎಕ್ಸ್‌ರೇ ತೆಗೆದು, ಇದು ಐದು-ಆರರ ನಡುವಿನದೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಸೂಕ್ಷ್ಮದರ್ಶಕದಡಿ ಡಿಸ್ಕನ್ನು ಚೂರುಚೂರಾಗಿ ತೆಗೆಯುವುದು, ಹಿಂದಿನ ಮೂಳೆಮುಳ್ಳನ್ನು ಉಜ್ಜುವುದು, ನರದ ಬೇರು ಸಡಿಲವಾಗುವವರೆಗೆ ಜಾಗ ಬಿಡಿಸುವುದು. ತೋಳಿನ ನೋವು ಹೋಗುವುದು ಈ ಕೆಲಸದಿಂದ. ಇಲ್ಲಿಯವರೆಗೆ ಬೆಸುಗೆಗೂ ಬದಲಿಗೂ ವ್ಯತ್ಯಾಸವಿಲ್ಲ.

ಈಗ ಎರಡು ಮೂಳೆಗಳ ನಡುವೆ ಖಾಲಿ ಜಾಗವಿದೆ. ಅಲ್ಲಿ ಏನಿಡಬೇಕು ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಮೂಳೆಯ ತುಂಡನ್ನೋ ಅದನ್ನು ತುಂಬಿದ ಪುಟ್ಟ ಗೂಡನ್ನೋ (ಕೇಜ್) ಇಟ್ಟರೆ, ಹೆಚ್ಚಾಗಿ ಮುಂದೆ ಟೈಟಾನಿಯಂ ಪ್ಲೇಟು ಸ್ಕ್ರೂ ಹಾಕಿ ಬಿಗಿದರೆ, ತಿಂಗಳುಗಳಲ್ಲಿ ಎರಡು ಮೂಳೆ ಬೆಳೆದು ಒಂದಾಗುತ್ತವೆ. ಅದು ಬೆಸುಗೆ, ಡಾಕ್ಟರುಗಳ ಮಾತಿನಲ್ಲಿ ಫ್ಯೂಷನ್. ಎರಡು ಲೋಹದ ತಟ್ಟೆಗಳ ನಡುವೆ ಜಾರುವ ಅಥವಾ ತಿರುಗುವ ಕೀಲನ್ನು ಕೂರಿಸಿ ಆ ಜಾಗದ ಚಲನೆ ಉಳಿಸಿಕೊಂಡರೆ ಅದು ಬದಲಿ ಡಿಸ್ಕ್.

ಗಂಟಲಿನ ಪಕ್ಕದಿಂದ ಹೋಗುವುದರಿಂದ ಕೆಲವು ತೊಂದರೆಗಳು ಎರಡಕ್ಕೂ ಸಮ. ಮೊದಲ ಕೆಲವು ವಾರ ನುಂಗಲು ಕಷ್ಟವಾಗುವುದು ಸಾಮಾನ್ಯ, ಸ್ವರ ಒಡೆಯುವುದುಂಟು. ಸೋಂಕು, ಗಾಯದೊಳಗೆ ರಕ್ತ ಕಟ್ಟಿ ಉಸಿರಿಗೆ ಅಡ್ಡಿಯಾಗುವುದು, ಬೆನ್ನುಹುರಿಗೆ ಪೆಟ್ಟು ವಿರಳ, ವಿರಳವೆಂದು ಮರೆಯುವಂತಿಲ್ಲ.

ಬೆಸುಗೆಯ ಹಳೆಯ ದಾರಿ

1955ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ರಾಬರ್ಟ್ ರಾಬಿನ್‌ಸನ್ ಮತ್ತು ಜಾರ್ಜ್ ಸ್ಮಿತ್ ಈ ಮುಂಭಾಗದ ದಾರಿಯನ್ನು ವಿವರಿಸಿದರು. ರೋಗಿಯ ಸೊಂಟದ ಮೂಳೆಯಿಂದಲೇ ಒಂದು ತುಂಡು ತೆಗೆದು ಡಿಸ್ಕಿನ ಜಾಗದಲ್ಲಿ ಇಡುತ್ತಿದ್ದರು. 1958ರಲ್ಲಿ ಹವಾಯಿಯ ಹೊನೊಲುಲುವಿನ ರಾಲ್ಫ್ ಕ್ಲೋವರ್ಡ್ ತಮ್ಮದೇ ವಿಧಾನ ಪ್ರಕಟಿಸಿದರು. ಮುಂದೆ ಪ್ಲೇಟು ಬಂತು, ಕೇಜು ಬಂತು, ಸೊಂಟ ಕೊಯ್ಯುವ ಅಗತ್ಯ ಎಷ್ಟೋ ಕಡಿಮೆಯಾಯಿತು. ಅಡಿಪಾಯ ಮಾತ್ರ ಅಂದಿನದೇ.

ಒಂದು ಮಟ್ಟ, ಅಂದರೆ ಎರಡು ಮೂಳೆಗಳ ನಡುವಿನ ಒಂದು ಜಾಗ, ಬೆಸೆದರೆ ಕತ್ತು ಮರಗಟ್ಟಿ ನಿಲ್ಲುತ್ತದೆಂಬ ಭಯ ಬಹಳ ಮಂದಿಗಿದೆ. ಹಾಗಾಗುವುದಿಲ್ಲ. ಕತ್ತು ಎಡಬಲಕ್ಕೆ ಹೊರಳುವುದರಲ್ಲಿ ಸುಮಾರು ಅರ್ಧ ಮೇಲಿನ ಎರಡು ಮೂಳೆಗಳ ನಡುವೆಯೇ ನಡೆಯುತ್ತದೆ. ತಲೆ ಬಗ್ಗಿಸಿ ಎತ್ತುವುದರಲ್ಲೂ ಒಂದು ಪಾಲು ತಲೆಬುರುಡೆ ಮತ್ತು ಮೊದಲ ಮೂಳೆಯ ನಡುವೆ. ಕೆಳಗೆ ಒಂದು ಜಾಗ ಬೆಸೆದವರು ಬೈಕ್ ತಿರುಗಿಸುವಾಗ ವ್ಯತ್ಯಾಸ ಅಷ್ಟಾಗಿ ಗಮನಿಸುವುದಿಲ್ಲ. ಎರಡು, ಮೂರು ಮಟ್ಟವಾದಾಗ ಬಿಗಿತ ಗೊತ್ತಾಗುತ್ತದೆ.

ನಿಜವಾದ ಚಿಂತೆ ಪಕ್ಕದ ಡಿಸ್ಕಿನದು. ಒಂದು ಕೀಲು ನಿಂತರೆ ಮೇಲಿನ, ಕೆಳಗಿನ ಕೀಲಿಗೆ ಭಾರ ಹೆಚ್ಚುತ್ತದೆಂಬುದು ಸಹಜ ತರ್ಕ. 1999ರಲ್ಲಿ ಅಲನ್ ಹಿಲಿಬ್ರಾಂಡ್ ಮತ್ತು ಸಂಗಡಿಗರು ಬೆಸುಗೆಯಾದ 374 ಮಂದಿಯ ಲೆಕ್ಕ ಕೊಟ್ಟರು: ಪಕ್ಕದ ಮಟ್ಟದಲ್ಲಿ ಹೊಸ ತೊಂದರೆ ವರ್ಷಕ್ಕೆ ಸರಾಸರಿ 2.9 ಶೇಕಡಾ, ಹತ್ತು ವರ್ಷದೊಳಗೆ ನಾಲ್ವರಲ್ಲಿ ಒಬ್ಬರಿಗೆ ಬರುವ ಅಂದಾಜು. ಕೃತಕ ಡಿಸ್ಕಿನ ಪರವಾಗಿ ವಾದಿಸುವವರು ಎತ್ತಿ ತೋರಿಸುವುದು ಈ ಅಂಕಿಯನ್ನೇ. ಆದರೆ ಅದೇ ಅಧ್ಯಯನದಲ್ಲಿ ಹಲವು ಮಟ್ಟ ಬೆಸೆದವರಲ್ಲಿ ಪಕ್ಕದ ತೊಂದರೆ ಒಂದೇ ಮಟ್ಟ ಬೆಸೆದವರಿಗಿಂತ ಕಡಿಮೆ ಇತ್ತು. ಭಾರವೊಂದೇ ಕಾರಣವಾಗಿದ್ದರೆ ಉಲ್ಟಾ ಆಗಬೇಕಿತ್ತು. ಐದು-ಆರು ಮತ್ತು ಆರು-ಏಳು ಹೇಗೂ ಸವೆಯುವ ಜಾಗಗಳು; ಒಂದನ್ನು ಬೆಸೆದಾಗ ಇನ್ನೊಂದು ತನ್ನ ಸವೆತದ ಹಾದಿಯಲ್ಲಿ ಮುಂದುವರಿಯುತ್ತದೆ. ಬೆಸುಗೆಯ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ.

ಬೆಸುಗೆಗೆ ತನ್ನದೇ ಆದ ಸೋಲೂ ಇದೆ: ಮೂಳೆ ಕೂಡದೇ ಹೋಗುವುದು. ಬೀಡಿ, ಸಿಗರೇಟು ಸೇದುವವರಲ್ಲಿ ಇದರ ಅಪಾಯ ಹೆಚ್ಚು. ಆಪರೇಷನ್ನಿಗೆ ಮೊದಲೇ ಅದನ್ನು ಬಿಡುವುದು ಯಾವ ದುಬಾರಿ ಪ್ಲೇಟಿಗಿಂತ ಕಡಿಮೆಯ ಮದ್ದಲ್ಲ.

ಬದಲಿಯ ಹೊಸ ಆಸೆ

ಚಲನೆ ಉಳಿಸುವ ಕನಸೂ ಹಳೆಯದೇ. 1960ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಫರ್ನ್‌ಸ್ಟ್ರಾಮ್ ಡಿಸ್ಕಿನ ಜಾಗದಲ್ಲಿ ಉಕ್ಕಿನ ಗುಂಡು ಇಟ್ಟು ನೋಡಿದರು. ಗುಂಡುಗಳು ಮೂಳೆಯೊಳಗೆ ಹೂತುಹೋದವು, ಆಸೆ ಅಲ್ಲಿಗೆ ನಿಂತಿತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬ್ರಯಾನ್ ಕಮಿನ್ಸ್ ಕತ್ತಿಗೆಂದೇ ಉಕ್ಕಿನ ಕೀಲು ರೂಪಿಸಿ 20 ಮಂದಿಯ ಅನುಭವವನ್ನು 1998ರಲ್ಲಿ ಪ್ರಕಟಿಸಿದರು. ಅದೇ ವಂಶದ ಪ್ರೆಸ್ಟೀಜ್ ಡಿಸ್ಕಿಗೆ 2007ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಪ್ರೋಡಿಸ್ಕ್-ಸಿ, 2009ರಲ್ಲಿ ಬ್ರಯಾನ್ ಡಿಸ್ಕ್. 2013ರಲ್ಲಿ ಬಂದ ಮೋಬಿ-ಸಿಗೆ ಎರಡು ಮಟ್ಟಕ್ಕೂ ಅನುಮತಿ ಸಿಕ್ಕಿತು.

ಕೃತಕ ಡಿಸ್ಕಿಗೂ ತನ್ನದೇ ಸೋಲುಗಳಿವೆ. ವರ್ಷಗಳು ಕಳೆದಂತೆ ಅದರ ಸುತ್ತ ಮೂಳೆ ಬೆಳೆದು ಚಲನೆ ಕುಗ್ಗುತ್ತದೆ. ಕೆಲವರಲ್ಲಿ ಪೂರ್ತಿ ನಿಂತು, ಉಳಿಸಬೇಕೆಂದಿದ್ದ ಕೀಲು ತಾನಾಗಿ ಬೆಸೆದುಕೊಳ್ಳುತ್ತದೆ. ತಟ್ಟೆ ಮೂಳೆಯೊಳಗೆ ಇಳಿಯಬಹುದು, ಜರುಗಬಹುದು. ಸವೆದ ಕಣಗಳಿಂದ ಸುತ್ತಲ ಮೂಳೆ ಕರಗಿದ ಪ್ರಸಂಗಗಳೂ ವರದಿಯಾಗಿವೆ. ಅದಕ್ಕೇ ಡಿಸ್ಕ್ ಇಟ್ಟವರು ನೋವಿಲ್ಲದಿದ್ದರೂ ಕಾಲಕಾಲಕ್ಕೆ ಎಕ್ಸ್‌ರೇ ತೆಗೆಸಬೇಕು.

ಎದುರುಬದುರು ಇಟ್ಟಾಗ

ಅಮೆರಿಕದಲ್ಲಿ ಪ್ರೆಸ್ಟೀಜ್ ಡಿಸ್ಕಿನ ಪ್ರಯೋಗದಲ್ಲಿ 541 ಮಂದಿ ಇದ್ದರು. ಏಳು ವರ್ಷದ ಕೊನೆಗೆ ಅದೇ ಜಾಗಕ್ಕೆ ಮತ್ತೆ ಆಪರೇಷನ್ ಬೇಕಾದವರು ಡಿಸ್ಕ್ ಗುಂಪಿನಲ್ಲಿ 4.8 ಶೇಕಡಾ, ಬೆಸುಗೆ ಗುಂಪಿನಲ್ಲಿ 13.7. ಪಕ್ಕದ ಮಟ್ಟಕ್ಕೆ ಬೇಕಾದವರು 4.6 ಮತ್ತು 11.9. ಮೋಬಿ-ಸಿಯ ಎರಡು ಮಟ್ಟದ ಪ್ರಯೋಗದಲ್ಲೂ ಮರು ಆಪರೇಷನ್ನಿನ ಲೆಕ್ಕ ಡಿಸ್ಕಿನ ಕಡೆಗೇ ವಾಲಿತು. ಈ ಅಂಕಿಗಳನ್ನು ತಳ್ಳಿಹಾಕುವಂತಿಲ್ಲ.

ಅವುಗಳನ್ನು ಓದುವಾಗ ಮೂರು ಸಂಗತಿ ನೆನಪಿರಬೇಕು. ಈ ಪ್ರಯೋಗಗಳಿಗೆ ಹಣ ಹಾಕಿದವರು ಡಿಸ್ಕ್ ತಯಾರಿಸುವ ಕಂಪನಿಗಳು. ಯಾರಿಗೆ ಏನು ಇಟ್ಟಿದೆಯೆಂದು ರೋಗಿಗೂ ಸರ್ಜನ್ನಿಗೂ ಗೊತ್ತಿತ್ತು. ಹೊಸದು ಸಿಗಲಿಲ್ಲವೆಂಬ ನಿರಾಸೆ ಅಂಕಿಯೊಳಗೆ ಸೇರಿಕೊಳ್ಳಬಹುದು. ಮತ್ತೆ ಆಪರೇಷನ್ ಮಾಡುವುದು ಎಂಬುದು ಒಂದು ತೀರ್ಮಾನ. ಬೆಸುಗೆ ಕೂಡಿಲ್ಲವೆಂದು ಕಂಡಾಗ ಸರ್ಜನ್ನಿನ ಮುಂದೆ ದಾರಿ ಸ್ಪಷ್ಟವಿರುತ್ತದೆ; ಡಿಸ್ಕ್ ಇಟ್ಟವರ ಉಳಿದ ನೋವಿಗೆ ಇನ್ನಷ್ಟು ಕಾಯೋಣ ಎನ್ನುವ ಸಾಧ್ಯತೆ ಹೆಚ್ಚು.

ಯುರೋಪಿನ ಪ್ರಯೋಗಗಳು ಬೇರೆ ಮಾತು ಹೇಳುತ್ತವೆ. ಸ್ವೀಡನ್ನಿನಲ್ಲಿ 153 ಮಂದಿಯನ್ನು ಎರಡು ವರ್ಷ, ನಾರ್ವೆಯಲ್ಲಿ 136 ಮಂದಿಯನ್ನು ಐದು ವರ್ಷ ಗಮನಿಸಿದರು. ನೋವಿನಲ್ಲೂ ದಿನನಿತ್ಯದ ಕೆಲಸದಲ್ಲೂ ಡಿಸ್ಕ್ ಮೇಲೆನಿಸಲಿಲ್ಲ. 2019ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕೆಲವರಿಗೆ ಕೃತಕ ಡಿಸ್ಕ್, ಕೆಲವರಿಗೆ ಕೇಜು, ಇನ್ನು ಕೆಲವರಿಗೆ ಡಿಸ್ಕ್ ತೆಗೆದು ಏನನ್ನೂ ಇಡದೆ ಬಿಟ್ಟರು. ಯಾರಿಗೆ ಯಾವುದೆಂದು ರೋಗಿಗಳಿಗೆ ತಿಳಿಸಲಿಲ್ಲ. ಎರಡು ವರ್ಷದ ಮೇಲೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಕಡೆ ಇದ್ದವು.

ಈ ಕೊನೆಯ ಫಲಿತಾಂಶ ಓದಿದಾಗ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತಿದ್ದೆ. ನೋವು ತೆಗೆಯುವುದು ತೆಗೆಯುವ ಕೆಲಸವೇ. ತುಂಬುವುದು ಮುಂದಿನ ವರ್ಷಗಳ ವಿಚಾರ. ಎರಡೂ ಬಗೆಯ ಅಧ್ಯಯನಗಳನ್ನು ಒಟ್ಟಿಗಿಟ್ಟು ನಾನು ಹೇಳಬಲ್ಲದ್ದಿಷ್ಟು: ತಕ್ಕ ಕತ್ತಿಗೆ ಕೃತಕ ಡಿಸ್ಕ್ ಬೆಸುಗೆಯಷ್ಟೇ ಒಳ್ಳೆಯದು. ಮುಂದೆ ಮತ್ತೆ ಆಪರೇಷನ್ ಬೇಕಾಗುವ ಸಂಭವ ಕಡಿಮೆ ಇರಬಹುದು, ಎರಡು ಮಟ್ಟದಲ್ಲಿ ಈ ಲಾಭ ಹೆಚ್ಚಿರಬಹುದು. ತೋಳಿನ ನೋವು ಹೋಗುವ ಮಟ್ಟಿಗೆ ಎರಡರಲ್ಲಿ ದೊಡ್ಡ ಅಂತರವಿಲ್ಲ.

ಯಾರ ಕತ್ತಿಗೆ ಯಾವುದು

ಡಿಸ್ಕ್ ಬದಲಿಗೆ ಹೊಂದುವ ಕತ್ತು ಹೀಗಿರುತ್ತದೆ: ವಯಸ್ಸು ತುಂಬ ಆಗಿಲ್ಲ, ಒಂದು ಅಥವಾ ಎರಡು ಮಟ್ಟದಲ್ಲಿ ಮೆತ್ತನೆಯ ತಿರುಳು ಹೊರಬಂದಿದೆ, ತಲೆ ಬಗ್ಗಿಸಿ ಎತ್ತಿ ತೆಗೆದ ಎಕ್ಸ್‌ರೇಯಲ್ಲಿ ಆ ಜಾಗ ಇನ್ನೂ ಚಲಿಸುತ್ತಿದೆ, ಹಿಂಬದಿಯ ಸಣ್ಣ ಕೀಲುಗಳು ಚೆನ್ನಾಗಿವೆ. ಡಿಸ್ಕ್ ಪೂರ್ತಿ ಕುಸಿದು ಮೂಳೆಗೆ ಮೂಳೆ ತಾಗಿದ್ದರೆ ಉಳಿಸಲು ಚಲನೆಯೇ ಇರುವುದಿಲ್ಲ. ಕತ್ತು ಮುಂದಕ್ಕೆ ಬಾಗಿ ಗೂನಾಗಿದ್ದರೆ, ಮೂಳೆ ಜಾರುತ್ತಿದ್ದರೆ, ಮೂಳೆ ಟೊಳ್ಳಾಗಿದ್ದರೆ, ಸಂಧಿವಾತವಿದ್ದರೆ, ಬೆನ್ನುಹುರಿಯ ಮುಂದಿನ ಕಟ್ಟು ಮೂಳೆಯಾಗಿ ಗಟ್ಟಿಯಾಗಿದ್ದರೆ ಬೆಸುಗೆ, ಇಲ್ಲವೇ ಹಿಂದಿನಿಂದ ಮಾಡುವ ಬೇರೆ ಆಪರೇಷನ್ ಸರಿ. ದೊಡ್ಡಪ್ಪನಿಗೆ ಎರಡು ಮಟ್ಟ ಬೆಸೆದರು. ಅರವತ್ತೆಂಟರ ಸವೆದ ಕೀಲುಗಳಿಗೆ ಕೃತಕ ಡಿಸ್ಕಿನ ಮಾತನ್ನೇ ಯಾರೂ ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ಈಗ ಚಪ್ಪಲಿ ಕಾಲಲ್ಲೇ ನಿಲ್ಲುತ್ತದೆ. ಗುಂಡಿ ಹಾಕಲು ಮಾತ್ರ ದೊಡ್ಡಮ್ಮ ಇನ್ನೂ ಕೈ ಕೊಡುತ್ತಾರೆ.

ಮೂರನೆಯ ದಾರಿಯೊಂದಿದೆ. ತಿರುಳು ಪಕ್ಕಕ್ಕೆ ಸರಿದು ನರ ಹೊರಡುವ ಕಿಂಡಿಯಲ್ಲಿ ಮಾತ್ರ ಒತ್ತಿದ್ದರೆ, ಕತ್ತಿನ ಹಿಂದಿನಿಂದ ಆ ಕಿಂಡಿಯನ್ನು ದೊಡ್ಡದು ಮಾಡಬಹುದು. ಡಿಸ್ಕ್ ತೆಗೆಯುವುದೂ ಬೇಡ, ಏನನ್ನೂ ಇಡುವುದೂ ಬೇಡ. ತಕ್ಕವರಲ್ಲಿ ತೋಳಿನ ನೋವಿಗೆ ಇದು ಬೆಸುಗೆಗೆ ಸರಿಸಮವೆಂದು 2023ರಲ್ಲಿ ನೆದರ್‌ಲ್ಯಾಂಡ್ಸ್‌ನ ಪ್ರಯೋಗವೊಂದು ತೋರಿಸಿತು. ನಮ್ಮ ಇಬ್ಬರು ಸರ್ಜನ್ನರೂ ಈ ದಾರಿಯ ಹೆಸರೆತ್ತಿರಲಿಲ್ಲ, ನಾವೂ ಕೇಳಿರಲಿಲ್ಲ.

ದುಡ್ಡಿನ ಮಾತೂ ಬರಬೇಕು. ಕೃತಕ ಡಿಸ್ಕ್ ಸಾಮಾನ್ಯವಾಗಿ ಕೇಜಿಗಿಂತ ದುಬಾರಿ. ವಿಮೆಯವರು ಅದಕ್ಕೆ ಎಷ್ಟು ಕೊಡುತ್ತಾರೆಂದು ಅಡ್ಮಿಟ್ ಆಗುವ ಮೊದಲೇ ಬರವಣಿಗೆಯಲ್ಲಿ ಪಡೆಯಬೇಕು. ಚಿನ್ನ ಅಡವಿಟ್ಟು ಡಿಸ್ಕ್ ಹಾಕಿಸಿಕೊಳ್ಳಬೇಕಾದ ಮನೆಗೆ, ಚೆನ್ನಾಗಿ ಮಾಡಿದ ಬೆಸುಗೆ ಯಾವ ರೀತಿಯಲ್ಲೂ ಎರಡನೆಯ ದರ್ಜೆಯ ಚಿಕಿತ್ಸೆಯಲ್ಲ ಎಂದು ಗಟ್ಟಿಯಾಗಿ ಹೇಳಬೇಕು. ಜೊತೆಗೆ ಎರಡನ್ನೂ ಮಾಡಬಲ್ಲ ಸರ್ಜನ್ನರಲ್ಲಿ ಒಂದು ಅಭಿಪ್ರಾಯ ಪಡೆಯುವುದು ಒಳ್ಳೆಯದು. ಒಂದನ್ನೇ ಮಾಡುವವರಿಗೆ ಎಲ್ಲ ಕತ್ತುಗಳೂ ಅದಕ್ಕೇ ತಕ್ಕವಾಗಿ ಕಾಣುವುದು ಮನುಷ್ಯ ಸಹಜ.

ಅಕ್ಕನ ಎರಡೂ ಫೈಲುಗಳು ಬೀರುವಿನಲ್ಲಿವೆ. ಎಸೆದಿಲ್ಲ. ನಾಳೆ ಮಣಿಕಟ್ಟಿನ ಬಲ ಕುಗ್ಗಿದರೆ ಮತ್ತೆ ತೆಗೆಯಬೇಕಾದೀತು. ಆಗ ಏನು ಕೇಳಬೇಕೆಂದು ಅವಳು ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದಾಳೆ: ನನ್ನ ಬೆರಳಿನ ಜೋಮಿಗೂ ಸ್ಕ್ಯಾನಿಗೂ ತಾಳೆಯಿದೆಯೇ? ಇನ್ನೂ ಕಾಯಬಹುದೇ? ಬಗ್ಗಿಸಿ ತೆಗೆದ ಎಕ್ಸ್‌ರೇಯಲ್ಲಿ ಆ ಜಾಗ ಅಲುಗುತ್ತಿದೆಯೇ? ಹಿಂದಿನಿಂದ ಮಾಡಲು ಬರುತ್ತದೆಯೇ? ಬೆಸುಗೆಯೋ ಡಿಸ್ಕೋ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಐದನೆಯದು.